ಎರಡು ಬಗೆಯ 'ಹೋದರು'

ಈ ಕಡೆ ತಲೆ ಹಾಕದೆ ಮೂರು ತಿಂಗಳ ಮೇಲಾಯ್ತು. ಬರೆಯೋಕೆ ವಿಷಯ ಇರಲಿಲ್ಲ ಅಂತಲ್ಲ, ಮನಸ್ಸಿರಲಿಲ್ಲ. ಈಗ ಬರೆಯೋಕೆ ಕೂತಿರೋದಾದರೂ ಏನು ಅಂತೀರಿ... ವ್ಯಾಕರಣ! ಅದೂ ಯಾವ ಊರಲ್ಲೂ, ಯಾರ ಮನೇಲೂ ಮಾತಾಡದ ಒಂದು ಭಾಷೆಯ ವ್ಯಾಕರಣ. ಓದುಗರಲ್ಲಿ ಅರ್ಧ ಜನ ಇಲ್ಲೇ ಎದ್ದು ಹೋಗ್ತೀರ ಅಂತ ಗೊತ್ತು. ಉಳಿದವರಿಗೆ ಒಂದೊಂದು ಲೋಟ ಕಾಫಿ ನನ್ನ ಲೆಕ್ಕದಲ್ಲಿ.

'ಲಾರ್ಡ್ ಆಫ್ ದ ರಿಂಗ್ಸ್' ಬರೆದ ಟೋಲ್ಕಿನ್ ಹೆಸರು ನಿಮಗೆಲ್ಲ ಗೊತ್ತೇ ಇರುತ್ತೆ. 2001ರಿಂದ 2003ರವರೆಗೆ ಬಂದ ಮೂರು ಸಿನಿಮಾಗಳನ್ನಾದರೂ ನೋಡಿರ್ತೀರಿ. ಅದರಲ್ಲಿ ಚೂಪು ಕಿವಿಯ ಎಲ್ಫ್‌ಗಳು ಏನೋ ಇಂಪಾಗಿ ಮಾತಾಡ್ತಾರಲ್ಲ, ಅದು ಸುಮ್ಮನೆ ಬಾಯಿಗೆ ಬಂದ ಸದ್ದಲ್ಲ. ಟೋಲ್ಕಿನ್ ವೃತ್ತಿಯಲ್ಲಿ ಭಾಷಾಶಾಸ್ತ್ರದ ಮೇಷ್ಟ್ರು, ಆಕ್ಸ್‌ಫರ್ಡಿನಲ್ಲಿ. 1915ರ ಹೊತ್ತಿಗೇ ಕ್ವೆನ್ಯ ಅನ್ನೋ ಭಾಷೆಗೆ ಪದಕೋಶ ಬರೆಯೋಕೆ ಶುರು ಮಾಡಿದ್ದರು. 1973ರಲ್ಲಿ ತೀರಿಕೊಳ್ಳೋವರೆಗೂ ತಿದ್ದುತ್ತಲೇ ಇದ್ದರು. ಭಾಷೆ ಮೊದಲು ಹುಟ್ಟಿತು, ಆ ಭಾಷೆಗೊಂದು ಲೋಕ ಬೇಕಲ್ಲ ಅಂತ ಕಥೆ ಆಮೇಲೆ ಬಂತು ಅಂತ ಅವರೇ 1955ರ ಒಂದು ಪತ್ರದಲ್ಲಿ ಹೇಳಿಕೊಂಡಿದ್ದಾರೆ. ನಮ್ಮ ಕಡೆ 2015ರ ಬಾಹುಬಲಿಗಾಗಿ ಮದನ್ ಕಾರ್ಕಿ ಕಿಲಿಕಿ ಭಾಷೆ ಕಟ್ಟಿದ್ದು ನೆನಪಿದೆಯಲ್ಲ? ಅಲ್ಲಿ ಕಥೆ ಮೊದಲು, ಭಾಷೆ ಆಮೇಲೆ. ಟೋಲ್ಕಿನ್ನರದ್ದು ಇದಕ್ಕೆ ಉಲ್ಟಾ.

ಉಲ್ಟಾ ಆಗಿದ್ದರಿಂದ ಏನಾಯ್ತು ಅಂದ್ರೆ, ಅವರು ಭಾಷೆ ಮಾಡಲಿಲ್ಲ, ಭಾಷೆಯ ವಂಶವೃಕ್ಷ ಮಾಡಿದರು. ಮೊದಲು ಒಂದು ಮೂಲ ಭಾಷೆ, ಅದರ ಧಾತುಗಳು. ಅದು ಸಾವಿರಾರು ವರ್ಷ ಹರಿದು ಒಂದು ಕಡೆ ಕ್ವೆನ್ಯ ಆಯ್ತು, ಇನ್ನೊಂದು ಕಡೆ ಸಿಂದರಿನ್ ಆಯ್ತು. ಎರಡು ದಾರಿಗೂ ಬೇರೆ ಬೇರೆ ಧ್ವನಿ ನಿಯಮಗಳು. ಕ್ವೆನ್ಯದಲ್ಲಿ 'ಹೇಳು' ಅನ್ನೋದಕ್ಕೆ ಕ್ವೆತ್-, ಸಿಂದರಿನ್ನಿನಲ್ಲಿ ಪೆದ್-. ನೋಡೋಕೆ ಸಂಬಂಧವೇ ಇಲ್ಲ ಅನ್ಸುತ್ತೆ. ಆದರೆ ಸಿಂದರಿನ್ನಿನಲ್ಲಿ ಹಳೆಯ 'ಕ್ವ' ಎಲ್ಲಾ ಕಡೆ 'ಪ' ಆಗುತ್ತೆ, ಸ್ವರಗಳ ನಡುವಿನ 'ತ' ಮೆತ್ತಗಾಗಿ 'ದ' ಆಗುತ್ತೆ. ಎರಡು ಹೆಜ್ಜೆ ಹಿಂದಕ್ಕಿಟ್ಟರೆ ಪೆದ್ ಹೋಗಿ ಕ್ವೆತ್ ಆಗಿಬಿಡುತ್ತೆ! ಇದನ್ನ ಅವರು ಗಾಳಿಯಿಂದ ತಂದದ್ದೇನೂ ಅಲ್ಲ. ಲ್ಯಾಟಿನ್ನಿನಲ್ಲಿ ನಾಲ್ಕಕ್ಕೆ ಕ್ವಾತ್ತುಓರ್, ವೆಲ್ಶ್‌ನಲ್ಲಿ ಪೆದ್ವರ್. ಸಿಂದರಿನ್ನಿಗೆ ವೆಲ್ಶ್ ಮಾದರಿ, ಕ್ವೆನ್ಯಕ್ಕೆ ಫಿನ್ನಿಶ್.

ನನಗೆ ಈ ಹುಚ್ಚು ಹತ್ತಿದ್ದು ಕ್ರಿಯಾಪದಗಳಿಂದ. 1937ರ ಆಸುಪಾಸಿನಲ್ಲಿ ಟೋಲ್ಕಿನ್ ಮಾಡಿಟ್ಟ ಒಂದು ಧಾತುಪಟ್ಟಿ ಇದೆ. ಅವರ ಮಗ ಕ್ರಿಸ್ಟಫರ್ ಅದನ್ನ 1987ರಲ್ಲಿ 'ದ ಲಾಸ್ಟ್ ರೋಡ್' ಪುಸ್ತಕದಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿ ವ್ಯಾಕರಣ ಹೇಳಿಕೊಡೋ ಪಾಠ ಇಲ್ಲ. ಒಂದು ಧಾತು, ಪಕ್ಕದಲ್ಲಿ ಒಂದೆರಡು ರೂಪ, ಅಷ್ಟೇ. ಉಳಿದಿದ್ದನ್ನ ನಾವೇ ಬಿಡಿಸಿಕೊಳ್ಳಬೇಕು. ತಕ್- ಅಂದರೆ ಬಿಗಿ, ಭೂತಕಾಲ ತಂಕೆ. ತಿರ್- ಅಂದರೆ ಕಾಯ್ದು ನೋಡು, ಭೂತಕಾಲ ತಿರ್ನೆ. ತಮ್- ಅಂದರೆ ತಟ್ಟು, ಅದಕ್ಕೆ ತಮ್ನೆ. ವಿಲ್- ಅಂದರೆ ಹಾರು, ಅದಕ್ಕೆ ವಿಲ್ಲೆ. ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿ. ಎಲ್ಲದರಲ್ಲೂ ಒಂದು 'ನ' ಓಡಾಡ್ತಾ ಇದೆ. ರ, ಮ ಆದಮೇಲೆ ಅದು ಬಾಲದಲ್ಲಿ ಸುಮ್ಮನೆ ಕೂತಿದೆ. ಲ ಸಿಕ್ಕಿದರೆ ಅದರಲ್ಲೇ ಕರಗಿ ಲ್ಲ ಆಗಿದೆ. ಕ ಸಿಕ್ಕಿದರೆ ಒಳಗೆ ನುಗ್ಗಿ ಕದ ಮುಂದೆ ಕೂತಿದೆ. ಸಂಸ್ಕೃತ ಓದಿದವರಿಗೆ ರುಧಾದಿ ಗಣ ನೆನಪಾಗುತ್ತೆ. ಯುಜ್ ಧಾತು ಯುನಕ್ತಿ, ಯುಂಜಂತಿ ಆಗೋದು ಹೀಗೇ ಅಲ್ವಾ, ಧಾತುವಿನ ಹೊಟ್ಟೆಯೊಳಗೆ ನಕಾರ. ಅಲ್ಲಿ ವರ್ತಮಾನಕ್ಕೆ, ಇಲ್ಲಿ ಭೂತಕ್ಕೆ, ಅಷ್ಟೇ ವ್ಯತ್ಯಾಸ.

ನಮ್ಮ ಕನ್ನಡದ ಭೂತಕಾಲವೇನು ಕಮ್ಮಿ ಕಿತಾಪತಿಯದ್ದಾ? ಬೀಳು - ಬಿದ್ದ, ಕೇಳು - ಕೇಳಿದ. ಎರಡಕ್ಕೂ ಒಂದೇ ಪ್ರಾಸ, ಆದರೂ ಯಾರೂ 'ಬೀಳಿದ' ಅನ್ನಲ್ಲ, 'ಕೆದ್ದ' ಅನ್ನಲ್ಲ. ಯಾಕೆ? ಹಳಗನ್ನಡದಲ್ಲಿ ಇವಕ್ಕೆ ಪ್ರಾಸ ಇರಲೇ ಇಲ್ಲ. ಒಂದು ಬೀೞ್, ಇನ್ನೊಂದು ಕೇಳ್. ಬೇರೆ ಅಕ್ಷರ, ಬೇರೆ ಉಚ್ಚಾರ. ತಮಿಳಿನಲ್ಲಿ ಇವತ್ತಿಗೂ ಬೇರೆಯೇ. ಬೀೞ್ + ದು ಬಿೞ್ದು ಆಯ್ತು, ಅದು ಬಿರ್ದು ಆಯ್ತು, ಆಮೇಲೆ ಬಿದ್ದು. ಒಂಟಿಯಾಗಿದ್ದ ೞ ಮಾತ್ರ ಮೆಲ್ಲಗೆ ಳ ಆಗಿ ಕೇಳು ಪಕ್ಕದಲ್ಲಿ ಬಂದು ಕೂತಿತು. ೞ ಹೋಗಿ ಎಷ್ಟೋ ಶತಮಾನ ಆಯ್ತು, ಅದು ಇತ್ತು ಅನ್ನೋದಕ್ಕೆ 'ಬಿದ್ದ', 'ಎದ್ದ' ಸಾಕ್ಷಿ ಹೇಳ್ತಾ ನಿಂತಿವೆ. ನಾವು ಅಪವಾದ, ಅಪವಾದ ಅಂತ ಬೈಯ್ಯೋ ರೂಪಗಳೆಲ್ಲ ಹೀಗೆ ಯಾವುದೋ ಕಾಲದ ನಿಯಮ ಪಾಲಿಸಿದ ಸಾಧು ಪ್ರಾಣಿಗಳೇ.

(ಈಗ ಯಾರಾದರೂ ಜಾಣರು 'ಹೇಳು ಕೂಡ ಪೇೞ್ ಅಂತಲೇ ಇತ್ತಲ್ಲ, ಅದು ಯಾಕೆ ಹೇಳಿದ?' ಅಂತ ಕೇಳಿಯೇ ಕೇಳ್ತೀರಿ. ಹೌದು. ಹೇಳು ಅನ್ನೋದು ಹಳೆ ನೆಂಟಸ್ತನ ಬಿಟ್ಟು ಕೇಳು ಗುಂಪಿಗೆ ಸೇರಿಕೊಂಡುಬಿಟ್ಟಿತು. ಒಂದರ ಹಾಗೆ ಇನ್ನೊಂದು ಆಗೋದು. ಧ್ವನಿ ನಿಯಮದ ಜೊತೆ ಈ 'ನೋಡಿ ಕಲಿಯೋ' ಚಾಳಿಯೂ ಎಲ್ಲ ಭಾಷೆಗಳಲ್ಲಿ ಇರುತ್ತೆ. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.)

ಇನ್ನು ನಿಜವಾದ ವಿಷಯಕ್ಕೆ ಬರ್ತೀನಿ.

ಅಪ್ಪ ಹೋದರು. ಮೂರು ತಿಂಗಳ ಹಿಂದೆ. ಅದಕ್ಕೇ ಈ ಕಡೆ ಬಂದಿರಲಿಲ್ಲ.

ನೋಡಿ, ಬರೆಯೋವಾಗ ಕೂಡ 'ಹೋದರು' ಅಂತಲೇ ಬಂತು. ಅಪ್ಪ ವಾರಕ್ಕೊಂದು ಸಲ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗೋರು, ಅದಕ್ಕೂ ಇದೇ ಪದ. 'ಅಪ್ಪ ಎಲ್ಲಿ?' 'ಹೋದರು.' ಒಂದೇ ಪದ ಎರಡಕ್ಕೂ ಸಾಕಾಗೋದರಿಂದಲೇ ನಮ್ಮಲ್ಲಿ ಬಾಗಿಲು ದಾಟೋವಾಗ 'ಹೋಗ್ತೀನಿ' ಅನ್ನಬಾರದು ಅನ್ನೋದು. ನಾನು ಹಾಸ್ಟೆಲ್ಲಿಗೆ ಹೊರಟಾಗ ಬಾಯಿ ತಪ್ಪಿ ಹಾಗಂದರೆ ಅಪ್ಪ ಗದರೋರು, 'ಹೋಗಿ ಬರ್ತೀನಿ ಅನ್ನು!' ಅಂತ. ತಮಿಳರೂ 'ಪೋಯಿಟ್ಟು ವರೇನ್' ಅಂತಾರೆ. ಹೋಗು ಅನ್ನೋ ಕ್ರಿಯಾಪದಕ್ಕೆ ಬಾ ಅನ್ನೋ ಇನ್ನೊಂದು ಕ್ರಿಯಾಪದವನ್ನ ಗಂಟು ಹಾಕಿ ಕಳಿಸೋದು.

ಅಣ್ಣನ ಮಗಳಿಗೆ ಹದಿಮೂರು. ಟೋಲ್ಕಿನ್ ಹುಚ್ಚು ಹತ್ತಿಸಿದವಳು ನಾನೇ. ಅವಳಮ್ಮ ಇನ್ನೂ ಕ್ಷಮಿಸಿಲ್ಲ. ಅವಳಿಗೂ ಅವಳ ಅಜ್ಜನಿಗೂ ಭಾರೀ ದೋಸ್ತಿ. ಹದಿಮೂರನೇ ದಿನದ ಊಟ ಮುಗಿದು, ನೆಂಟರೆಲ್ಲ ಹೊರಟ ಮೇಲೆ, ಜಗಲಿಯಲ್ಲಿ ನೋಟ್‌ಬುಕ್ ಹಿಡಿದು ನನ್ನ ಪಕ್ಕ ಬಂದು ಕೂತಳು. 'ಅತ್ತೆ, ಇದು ಸರೀನಾ ನೋಡು' ಅಂದಳು. ಅಜ್ಜ ಹೋದರು ಅನ್ನೋದನ್ನ ಕ್ವೆನ್ಯದಲ್ಲಿ ಬರೆಯೋಕೆ ಹೊರಟಿದ್ದಳು. ಪದಕೋಶದಲ್ಲಿ 'ಬಿಟ್ಟು ಹೋಗು' ಅನ್ನೋದಕ್ಕೆ ಔತ- ಅಂತ ಸಿಕ್ಕಿದೆ. ಅಕಾರಾಂತ ಧಾತುವಿಗೆ ಸಾಮಾನ್ಯವಾಗಿ -ನೆ ಸೇರಿಸ್ತಾರೆ. ಒರ್ತ- ಅಂದರೆ ಎತ್ತು, ಭೂತಕಾಲ ಒರ್ತನೆ. ಅದೇ ಲೆಕ್ಕದಲ್ಲಿ ಔತನೆ ಅಂತ ಬರೆದಿದ್ದಾಳೆ. ಲೆಕ್ಕ ಚೊಕ್ಕವಾಗಿತ್ತು. ಆದರೆ ಟೋಲ್ಕಿನ್ ಈ ಪದಕ್ಕೆ ಆ ಲೆಕ್ಕ ಇಟ್ಟಿಲ್ಲ.

ಅವರು 1959-60ರಲ್ಲಿ ಬರೆದ 'ಕ್ವೆಂದಿ ಅಂಡ್ ಎಲ್ದಾರ್' ಅನ್ನೋ ಉದ್ದನೆಯ ಪ್ರಬಂಧ 1994ರಲ್ಲಿ 'ದ ವಾರ್ ಆಫ್ ದ ಜ್ಯುವೆಲ್ಸ್' ಪುಸ್ತಕದಲ್ಲಿ ಅಚ್ಚಾಯ್ತು. ಅದರಲ್ಲಿ ಈ ಒಂದು ಕ್ರಿಯಾಪದದ ಹಿಂದೆ ಬಿದ್ದು ಏನೆಲ್ಲಾ ಬರೆದಿದ್ದಾರೆ! ಮೂಲ ಧಾತು ಅವ, 'ದೂರಕ್ಕೆ' ಅನ್ನೋ ಅರ್ಥ. ಇದಕ್ಕೆ -ತ ಸೇರಿಸಿದರೆ ಅವ ಕುಗ್ಗಿ ಔ ಆಗಿ ಔತ-. ಇದು ವರ್ತಮಾನ. ಭೂತಕಾಲಕ್ಕೆ ಬಂದರೆ ದಾರಿ ಎರಡಾಗಿ ಒಡೆಯುತ್ತೆ.

ಒಂದು ದಾರಿ: ಅವ + ನ್ + ತೆ. ನಮ್ಮ ಹಳೇ ಗೆಳೆಯ ನಕಾರ ಇಲ್ಲೂ ಬಂತು. ಕ್ವೆನ್ಯದಲ್ಲಿ 'ಅವ' ಅನ್ನೋ ಜೋಡಿ 'ಒಅ' ಆಗುತ್ತೆ. 'ದೇಹ' ಅನ್ನೋದಕ್ಕೆ ಹಳೆಯ ರೂಪ ಸ್ರವಾ, ಆಮೇಲಿನದು ಹ್ರೊಅ, ಅದೇ ನಿಯಮ. ಕನ್ನಡದ ಕಿವಿಗೆ ಇದು ಕಷ್ಟವೇ ಅಲ್ಲ. 'ಮಾಡುವ ಕೆಲಸ' ಬಾಯಲ್ಲಿ 'ಮಾಡೋ ಕೆಲಸ' ಆಗಲ್ವಾ? ವ ಹೋಗ್ತಾ ಹೋಗ್ತಾ ಪಕ್ಕದ ಸ್ವರವನ್ನ ದುಂಡಗೆ ಮಾಡಿ ಹೋಗುತ್ತೆ. ಹಾಗಾಗಿ ಅವನ್ತೆ ಆಗಬೇಕಾದದ್ದು ಒಅಂತೆ ಆಯ್ತು. (ಕನ್ನಡ ಲಿಪೀಲಿ ಬರೆದರೆ ಯಾರೋ ಗಾಳಿಸುದ್ದಿ ಹೇಳಿದ ಹಾಗಿದೆ, ಏನ್ ಮಾಡೋದು! ಆದರೂ ಕ್ವೆನ್ಯಕ್ಕೆ ನಮ್ಮ ಲಿಪಿ ಚೆನ್ನಾಗಿ ಒಗ್ಗುತ್ತೆ. ಎ-ಏ, ಒ-ಓ ಭೇದ ಅಲ್ಲೂ ಇದೆ, ನಮ್ಮಲ್ಲೂ ಇದೆ.)

ಇನ್ನೊಂದು ದಾರಿ: ಅದೇ ಧಾತುವಿನ ಮೊದಲ ಅ ಇಲ್ಲದ ರೂಪ, ವಾ-. ಅದರಿಂದ ವಾನೆ. ಶುರುವಿನಲ್ಲಿ ಎರಡೂ ತುಟಿ ಸೇರಿಸಿ ದುಂಡಗೆ ಹೇಳೋ ವ, ಕಾಲ ಕಳೆದ ಮೇಲೆ ಕೆಳತುಟಿಯನ್ನ ಹಲ್ಲಿಗೆ ತಾಗಿಸಿ ಹೇಳೋ ವ. ನಮ್ಮ ಲಿಪಿಗೆ ಎರಡೂ ಒಂದೇ ಆದ್ದರಿಂದ ಈ ಬದಲಾವಣೆ ನನಗೆ ಬರೆದು ತೋರಿಸೋಕಾಗಲ್ಲ, ನೀವೇ ಕನ್ನಡಿ ಮುಂದೆ ನಿಂತು ಹೇಳಿಕೊಳ್ಳಿ. ಸಿಂದರಿನ್ನಿನಲ್ಲಿ ಅದೇ ವ ಪದದ ಮೊದಲಿಗೆ ಬಂದರೆ ಗ್ವ ಆಗುತ್ತೆ. ಲ್ಯಾಟಿನ್ನಿನ ವೀನುಮ್ ವೆಲ್ಶ್‌ನಲ್ಲಿ ಗ್ವಿನ್ ಆದ ಹಾಗೆ. ಅಲ್ಲಿ ಗ್ವನ್ನ- ಅಂದರೆ ಅಗಲು, ಸಾಯು.

ಈಗ ಅರ್ಥ. ಒಂದೇ ಕ್ರಿಯಾಪದಕ್ಕೆ ಎರಡು ಭೂತಕಾಲ ಇದ್ದರೆ ಭಾಷೆ ಸುಮ್ಮನಿರಲ್ಲ, ಕೆಲಸ ಹಂಚಿಕೊಡುತ್ತೆ. ಒಅಂತೆ ಅಂದರೆ ಇಲ್ಲಿಂದ ಎದ್ದು ಬೇರೆ ಜಾಗಕ್ಕೆ ಹೋದದ್ದು, ಕಾಲಲ್ಲಿ ನಡೆದು, ಕುದುರೆ ಹತ್ತಿ. ಶಿವಮೊಗ್ಗಕ್ಕೆ ಹೋದರು ಅನ್ನೋ ಹೋದರು. ವಾನೆ ಅಂದರೆ ಇಲ್ಲವಾದದ್ದು, ಕೈತಪ್ಪಿದ್ದು, ಮಾಯವಾದದ್ದು. ಇದೇ ಕುಟುಂಬದ ವನ್ವ ಅನ್ನೋ ಪದಕ್ಕೆ ಹೋದ, ಕಳೆದ, ಮುಗಿದ, ಸತ್ತ ಅನ್ನೋ ಅರ್ಥಗಳೆಲ್ಲ ಇವೆ. ಮಜಾ ಏನು ಗೊತ್ತಾ, 'ಹೋಗಿದ್ದಾನೆ' ಅನ್ನೋ ರೂಪಕ್ಕೆ ಒಅಂತಿಯೆ ಅಂತ ಕೊಟ್ಟು, ಇದರಲ್ಲಿನ ನಕಾರ ಭೂತಕಾಲವನ್ನ ನೋಡಿ ನುಸುಳಿದ್ದು ಅಂತ ಟೋಲ್ಕಿನ್ನರೇ ಷರಾ ಬರೆದಿದ್ದಾರೆ. ನಮ್ಮ 'ಹೇಳಿದ' ಕಥೆಯೇ! ಇಲ್ಲದ ಭಾಷೆಯಲ್ಲಿ, ಇಲ್ಲದ ಜನ, ಇನ್ನೊಂದು ರೂಪ ನೋಡಿ ಕಲಿತು ಮಾತು ಬದಲಾಯಿಸಿಕೊಂಡರು ಅಂತ ಕೂತು ಕಲ್ಪಿಸೋಕೆ ಎಂಥ ತಾಳ್ಮೆ ಬೇಕು. ಅವರದ್ದು ಮುಗಿಯದ ತಿದ್ದಾಟ ಬೇರೆ. 1954ರ ಮೊದಲ ಮುದ್ರಣದಲ್ಲಿ ಗಲಾದ್ರಿಯೆಲ್‌ಳ ವಿದಾಯದ ಹಾಡಿನಲ್ಲಿ ವಾನಿಯೆರ್ ಅಂತಿದ್ದ ಕ್ರಿಯಾಪದ 60ರ ದಶಕದ ಪರಿಷ್ಕೃತ ಆವೃತ್ತಿಯಲ್ಲಿ ಅವಾನಿಯೆರ್ ಆಗಿದೆ. 'ಬಂದಿದ್ದಾನೆ, ಹೋಗಿದ್ದಾನೆ' ಅನ್ನೋ ರೂಪಗಳಿಗೆ ಧಾತುವಿನ ಸ್ವರವನ್ನೇ ಮುಂದೆ ಇನ್ನೊಮ್ಮೆ ಹಾಕಬೇಕು ಅನ್ನೋ ನಿಯಮಕ್ಕಾಗಿ ಅಚ್ಚಾದ ಪುಸ್ತಕವನ್ನೇ ತಿದ್ದಿದ್ದು. ಒಂದು 'ಅ'ಗೋಸ್ಕರ!

ಇಷ್ಟನ್ನೂ ಜಗಲಿಯಲ್ಲಿ ಕೂತು ಅವಳಿಗೆ ಹೇಳಿದೆ. ಇಷ್ಟು ಉದ್ದ ಅಲ್ಲ ಬಿಡಿ. ಅವಳು ಎರಡೂ ಪದ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಪೆನ್ನಿನ ಮುಚ್ಚಳ ಕಚ್ಚುತ್ತಾ ಕೂತಳು.

'ಹಾಗಾದ್ರೆ ವಾನೆ ಹಾಕಬೇಕಾ?'

'ವ್ಯಾಕರಣದ ಪ್ರಕಾರ ಅದೇ ಹತ್ರ.'

'ಅಜ್ಜ ಕಳೆದುಹೋಗಿಲ್ಲ ಅತ್ತೆ.'

ನನ್ನ ಹತ್ರ ಉತ್ತರ ಇರಲಿಲ್ಲ. ಸುಮ್ಮನೆ ಕೂರೋಕಾಗದೆ ಮೂರನೇ ಪದ ಹುಡುಕಿ ಕೊಟ್ಟೆ. ಫಿರ್- ಅಂತ ಒಂದು ಧಾತು ಇದೆ. ಮೂಲ ಅರ್ಥ ಉಸಿರು ಹೊರಗೆ ಬಿಡು. ಮೀರಿಯೆಲ್ ಅನ್ನೋ ಎಲ್ಫ್ ರಾಣಿ ದಣಿದು ಪ್ರಾಣ ಬಿಟ್ಟಾಗ ಆ ಪದವನ್ನ ಬಳಸಿದರಂತೆ. ಆಮೇಲೆ ಅದೇ ಪದ ಮನುಷ್ಯರ ಸಾವಿಗೆ ನಿಂತಿತು, ಮನುಷ್ಯರಿಗೆ ಫೀರಿಮ ಅಂತ ಹೆಸರೂ ಬಂತು, ಸಾಯುವವರು ಅಂತ. ನಾವು 'ಕೊನೆಯುಸಿರೆಳೆದರು' ಅನ್ನೋ ಹಾಗೇ. ತಿರ್ನೆ ಮಾದರಿ ಹಿಡಿದರೆ ಭೂತಕಾಲ ಫಿರ್ನೆ ಆಗುತ್ತೆ. ಧಾತುವಿನ ಸ್ವರ ಉದ್ದ ಮಾಡೋ ಇನ್ನೊಂದು ಮಾದರಿಯೂ ಇದೆ, ತುಲ್- ಧಾತುವಿಗೆ ತೂಲೆ ಅನ್ನೋ ಹಾಗೆ, ಅದನ್ನ ಹಿಡಿದರೆ ಫೀರೆ. ನಿಯಮ ನಮ್ಮನ್ನ ಬಾಗಿಲವರೆಗೆ ತಂದು ಬಿಡುತ್ತೆ, ಎರಡು ಬಾಗಿಲಿದ್ದರೆ ಯಾವುದು ಅಂತ ಹೇಳಲ್ಲ. ಈ ಹವ್ಯಾಸದವರ ದೊಡ್ಡ ಜಗಳವೂ ಇದೇ. ನಿಯಮದಿಂದ ಹೊರಟ ರೂಪವನ್ನ ಟೋಲ್ಕಿನ್ನರ ರೂಪ ಅಂತ ಕರೀಬಹುದಾ? ಸಿನಿಮಾಕ್ಕೆ ಎಲ್ಫ್ ಸಂಭಾಷಣೆ ಬರೆದುಕೊಟ್ಟ ಡೇವಿಡ್ ಸಾಲೊ, ಇಂಥ ರೂಪಗಳನ್ನೇ ಕಟ್ಟಿಕೊಂಡು ಕೆಲಸ ಮುಗಿಸಬೇಕಿತ್ತು. ಕೆಲವರಿಗೆ ಅದು ಹಿಡಿಸಲಿಲ್ಲ. ನನ್ನ ಕೇಳಿದರೆ ಕಟ್ಟೋದು ತಪ್ಪಲ್ಲ, ಕಟ್ಟಿದ್ದು ಅಂತ ಗುರುತು ಹಾಕದೆ ಬಿಡೋದು ತಪ್ಪು. ಅಂಥ ಪದಗಳ ಮುಂದೆ ಒಂದು ನಕ್ಷತ್ರ ಹಾಕೋ ಪದ್ಧತಿ ಭಾಷಾಶಾಸ್ತ್ರದಲ್ಲಿ ಮೊದಲಿಂದ ಇದೆ. ಕಾಸು ಖರ್ಚಿಲ್ಲ.

ಅವಳಿಗೆ ಫಿರ್ ಕೂಡ ಬೇಡವಾಯ್ತು. 'ಆಸ್ಪತ್ರೆ ತರ ಇದೆ' ಅಂದಳು. ಐ.ಸಿ.ಯು. ಹೊರಗೆ ಕೂತಿದ್ದವಳು ಅವಳು, ಅಲ್ಲಿ ಉಸಿರಿನ ಮಾತು ಬಿಟ್ಟು ಬೇರೆ ಕೇಳಿಯೇ ಇರಲಿಲ್ಲ. ಆಮೇಲೆ ನೋಟ್‌ಬುಕ್ಕಿನಲ್ಲಿ ಔತನೆ ಹೊಡೆದುಹಾಕಿ ಒಅಂತೆ ಅಂತ ಬರೆದಳು.

'ಅದು ಬರೀ ಊರಿಗೆ ಹೋಗೋದಕ್ಕೆ ಕಣೇ. ಟೋಲ್ಕಿನ್ ಒಪ್ಪಲ್ಲ.'

'ಟೋಲ್ಕಿನ್‌ಗೆ ಅಜ್ಜ ಅಲ್ವಲ್ಲ.'

ಅಷ್ಟಕ್ಕೇ ಬಿಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಪದದ ಕೊನೆಗೆ ಒಂದು ರ್ ಸೇರಿಸಿದಳು. ಒಅಂತೆರ್. ಕ್ವೆನ್ಯದಲ್ಲಿ ಕ್ರಿಯಾಪದಕ್ಕೆ -ರ್ ಹಾಕಿದರೆ ಬಹುವಚನ, ಹಲವರು ಹೋದರು ಅಂತ. ಅಜ್ಜ ಒಬ್ಬರೇ ಅಲ್ವೇನೇ ಅಂದೆ. 'ಅಜ್ಜನಿಗೆ ಏಕವಚನ ಹಾಕಲ್ಲ' ಅಂದುಬಿಟ್ಟಳು! ಕ್ವೆನ್ಯದಲ್ಲಿ ಎದುರಿಗಿರೋರಿಗೆ ನೀನು-ನೀವು ಭೇದ ಇದೆ. ಆದರೆ ದೂರದಲ್ಲಿರೋ ಒಬ್ಬರಿಗೆ ಮರ್ಯಾದೆ ಕೊಡೋಕೆ ಕ್ರಿಯಾಪದದಲ್ಲಿ ಬಹುವಚನ ಹಾಕೋದು ಅಪ್ಪಟ ನಮ್ಮ ಕಡೆಯ ಚಾಳಿ. ಅಲ್ಲಿನ -ರ್, ನಮ್ಮ 'ಹೋದರು'ವಿನ -ರು ಎರಡೂ ಒಂದೇ ತರ ಇರೋದು ಬರೀ ಕಾಕತಾಳೀಯ. ಆದರೂ ಆ ಪದ ನೋಡಿದರೆ ನನಗೆ ಗಂಟಲು ಕಟ್ಟುತ್ತೆ. ಎಲ್ಫ್ ಭಾಷೆಯ ಧಾತು, ತೀರ್ಥಹಳ್ಳಿಯ ಮರ್ಯಾದೆ.

ನಾನೇನು ಅಂದೆ ಅಂತ ಕೇಳ್ತೀರಾ? ಏನೂ ಅನ್ನಲಿಲ್ಲ. ಟೋಲ್ಕಿನ್ನರ ಕ್ವೆನ್ಯವಾಗಿ ಅದು ತಪ್ಪು, ಅದರಲ್ಲಿ ಅನುಮಾನ ಇಲ್ಲ, ಅವಳಿಗೂ ಇಲ್ಲ. ಆದರೆ ಪದ ಅರ್ಥ ಬದಲಾಯಿಸೋದಕ್ಕೆ ಧ್ವನಿ ಬದಲಾದ ಹಾಗೆ ನಿಯಮ ಇರಲ್ಲ. ಪಂಪನ ಕಾಲದ 'ಪೋಗು' ಪಕಾರ ಕಳಕೊಂಡು 'ಹೋಗು' ಆದದ್ದಕ್ಕೆ ಲೆಕ್ಕ ಕೊಡಬಹುದು. ಪಾಲು ಹಾಲಾಯ್ತು, ಪುಲಿ ಹುಲಿಯಾಯ್ತು, ಪೆಸರು ಹೆಸರಾಯ್ತು, ಸಾಲಾಗಿ. ಆದರೆ ಊರಿಗೆ ಹೋಗೋದಕ್ಕಿದ್ದ ಪದವನ್ನ, ಬಾಯಿಗೆ ಸಾವಿನ ಮಾತು ಬರದೆ, ಮೊದಲು ಯಾರು ಯಾರ ಮನೆಯ ಜಗಲಿಯಲ್ಲಿ ತಮ್ಮವರಿಗೆ ಬಳಸಿದರೋ? ಅವರ ಪಕ್ಕ ನನ್ನಂಥ ಅತ್ತೆಯೊಬ್ಬಳು ಕೂತು 'ಅದು ಬರೀ ಊರಿಗೆ ಹೋಗೋದಕ್ಕೆ' ಅಂದಿದ್ದರೂ ಅಂದಿರಬಹುದು.

ಈಗ ಅವಳು ತನ್ನದೇ ಒಂದು ಭಾಷೆ ಶುರು ಮಾಡಿದ್ದಾಳೆ. ಹೆಸರು ಹೇಳಬಾರದಂತೆ. ಪ ಎಲ್ಲಾ ಹ ಆಗಬೇಕು ಅನ್ನೋ ನಿಯಮ ನಮ್ಮದನ್ನೇ ಎತ್ತಿಕೊಂಡಿದ್ದಾಳೆ. ಮೊನ್ನೆ ರಾತ್ರಿ ಫೋನ್ ಮಾಡಿ, 'ಪೂಜೆ ಯಾಕೆ ಹೂಜೆ ಆಗಲಿಲ್ಲ ಅತ್ತೆ?' ಅಂದಳು. ಸಂಸ್ಕೃತದಿಂದ ಬಂದದ್ದು, ಆ ನಂಟು ಕಡಿಯಲಿಲ್ಲ, ಅದಕ್ಕೇ ಹಾಗೇ ಉಳಿಯಿತು ಅಂದೆ. ಹಾಗಾದರೆ ಹಕ್ಕಿ? ಹಬ್ಬ? ಅವೂ ಆ ಕಡೆಯವೇ ಅಲ್ವಾ? ಹೌದು, ಪಕ್ಷಿ, ಪರ್ವ. ಆದರೆ ಅವು ಬಹಳ ಮುಂಚೆ, ಪಕ್ಕಿ, ಪಬ್ಬ ಅಂತ ರೂಪ ಬದಲಿಸಿಕೊಂಡು ಮನೆಯೊಳಗೆ ಬಂದಿದ್ದವು, ನಿಯಮ ಜಾರಿಗೆ ಬಂದಾಗ ಮನೆಯವರ ಜೊತೆಗೇ ಸಿಕ್ಕಿಬಿದ್ದವು. ಆ ಕಡೆ ಪೆನ್ನು ಗೀಚುವ ಸದ್ದು ಕೇಳಿಸ್ತಾ ಇತ್ತು. 'ಏನು ಬರ್ಕೊಂಡೆ?' ಅಂದೆ.

'ನೆಂಟರಿಗೆ ಈ ನಿಯಮ ಇಲ್ಲ. ತುಂಬಾ ದಿನ ಉಳ್ಕೊಂಡ್ರೆ ಇದೆ.'